ಆಮೇಲೆ ಕೊಡ್ತೀವಿ ಅಂದ ದುಡ್ಡು

ಅಮೆರಿಕದ ದೊಡ್ಡ ಲಾ ಫರ್ಮ್‌ಗಳಲ್ಲಿ 'ಎಂಪ್ಲಾಯೀ ಬೆನಿಫಿಟ್ಸ್ ಅಂಡ್ ಎಕ್ಸಿಕ್ಯುಟಿವ್ ಕಾಂಪೆನ್ಸೇಷನ್' ಅನ್ನುವ ಉದ್ದ ಹೆಸರಿನ ಒಂದು ವಿಭಾಗ ಇರುತ್ತದೆ. ನನಗೆ ಅನ್ನ ಕೊಡುತ್ತಿರುವುದು ಅದೇ. ಬೆಳಿಗ್ಗೆ ಒಂದು ಕಂಪನಿಯ ಗೋದಾಮಿನಲ್ಲಿ ದುಡಿಯುವವರ ನಿವೃತ್ತಿ ಖಾತೆಯ ನಿಯಮ ಓದುತ್ತೇವೆ. ಮಧ್ಯಾಹ್ನ ಅದೇ ಕಂಪನಿಯ ಸಿಇಒ ಕೆಲಸ ಬಿಟ್ಟರೆ ಎಷ್ಟು ಕೋಟಿ ಕೊಡಬೇಕು ಅನ್ನುವ ಒಪ್ಪಂದ ತಿದ್ದುತ್ತೇವೆ. ಇವೆರಡನ್ನೂ ಒಂದೇ ಮೇಜಿಗೆ ಯಾಕೆ ತಂದು ಹಾಕಿದರು ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಎರಡೂ ಈ ತಿಂಗಳ ಸಂಬಳ ಅಲ್ಲ. ಇವತ್ತು ದುಡಿ, ದುಡ್ಡು ಆಮೇಲೆ ಕೊಡ್ತೀವಿ ಅನ್ನುವ ಮಾತು, ಅಷ್ಟೇ. ಆಮೇಲೆ ಅಂದ ಕೂಡಲೇ ಎರಡು ತಕರಾರು ಶುರುವಾಗುತ್ತವೆ. ಅಷ್ಟರಲ್ಲಿ ಕಂಪನಿಯೇ ಮುಳುಗಿದರೆ ಏನು ಗತಿ? ತೆರಿಗೆ ಕಟ್ಟುವುದು ಯಾವಾಗ, ಮಾತು ಕೊಟ್ಟಾಗಲೋ ದುಡ್ಡು ಕೈಗೆ ಬಂದಾಗಲೋ? ನಮ್ಮ ವಿಭಾಗದ ಹೆಚ್ಚುಕಮ್ಮಿ ಎಲ್ಲ ಕೆಲಸವೂ ಈ ಎರಡು ಪ್ರಶ್ನೆಯಿಂದಲೇ ಹುಟ್ಟಿದ್ದು.

ಈ ಕಾಗದಗಳ ಜೊತೆ ಏಗಿ ಏಗಿ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕಾನೂನು 'ಇದನ್ನು ಹೀಗೇ ಮಾಡು' ಅಂತ ನಿಂತು ಮಾಡಿಸಿದ ಕಡೆ ಜನಕ್ಕೆ ಉಪಯೋಗ ಆಗಿದೆ. 'ಮಾಡಿದರೆ ಜಾಸ್ತಿ ತೆರಿಗೆ' ಅಂತ ಬೆಲೆ ಕಟ್ಟಿ ಬಿಟ್ಟ ಕಡೆ ನನ್ನಂಥ ವಕೀಲರಿಗೆ ಉಪಯೋಗ ಆಗಿದೆ.

ಮೊದಲನೆಯದಕ್ಕೆ ಸ್ಟುಡ್‌ಬೇಕರ್‌ನಿಂದ ಶುರು ಮಾಡಬೇಕು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿದ್ದ ಕಾರು ಕಂಪನಿ ಅದು. 1963ರ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚಿತು. ಕಾರ್ಮಿಕ ಸಂಘದ ಜೊತೆ ಮಾತಾಡಿ ಮಾಡಿಕೊಂಡ ಪಿಂಚಣಿ ಯೋಜನೆ ಇತ್ತು. ಆದರೆ ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ದುಡ್ಡು ಇರಲಿಲ್ಲ. ಆಗಲೇ ನಿವೃತ್ತರಾದವರಿಗೆ, 60 ದಾಟಿದ ಹಳಬರಿಗೆ, ಒಟ್ಟು ಸುಮಾರು 3,600 ಮಂದಿಗೆ ಪೂರ್ತಿ ಸಿಕ್ಕಿತು. ಅವರ ಹಿಂದೆ ಸುಮಾರು 4,000 ಮಂದಿ ಇದ್ದರು. 40ರಿಂದ 59 ವಯಸ್ಸಿನವರು, ಕನಿಷ್ಠ ಹತ್ತು ವರ್ಷ ದುಡಿದವರು. ಅವರಿಗೆ ಬರಬೇಕಿದ್ದ ಪ್ರತಿ ಡಾಲರಿಗೆ ಸುಮಾರು 15 ಸೆಂಟ್ ಸಿಕ್ಕಿತು. ಅದಕ್ಕೂ ಕಿರಿಯರಿಗೆ ಏನೂ ಇಲ್ಲ.

ಇಲ್ಲಿ ಯಾರೂ ದುಡ್ಡು ಹೊಡೆದಿರಲಿಲ್ಲ, ನೆನಪಿಡಿ. ಎಲ್ಲ ಒಪ್ಪಂದದ ಪ್ರಕಾರವೇ ನಡೆಯಿತು. ನಿಧಿಯಲ್ಲಿ ಇದ್ದಷ್ಟೇ ಕಂಪನಿಯ ಹೊಣೆ, ಇಂಥವರಿಗೆ ಮೊದಲು ಇಂಥವರಿಗೆ ಆಮೇಲೆ ಅಂತ ಕಾಗದದಲ್ಲೇ ಬರೆದಿತ್ತು. ಸಂಬಳ ಏರಿಸುವ ಬದಲು ಪಿಂಚಣಿ ಏರಿಸುವುದು ಕಂಪನಿಗೂ ಸಂಘಕ್ಕೂ ಹಿತವಾಗಿತ್ತು. ಏರಿಸಿದ್ದಕ್ಕೆ ತಕ್ಕ ದುಡ್ಡನ್ನು ಮಾತ್ರ ಮುಂದಿನ ಹಲವು ವರ್ಷಗಳಲ್ಲಿ ನಿಧಾನಕ್ಕೆ ತುಂಬೋಣ ಅಂದುಕೊಂಡಿದ್ದರು. ಆ ಮುಂದಿನ ವರ್ಷಗಳು ಬರಲೇ ಇಲ್ಲ.

ಅಲ್ಲಿಂದ ಹನ್ನೊಂದನೇ ವರ್ಷಕ್ಕೆ ಎರಿಸಾ ಬಂತು, ನೌಕರರ ನಿವೃತ್ತಿ ಯೋಜನೆಗಳನ್ನು ಕಾಯುವ ಕಾನೂನು. ನ್ಯೂಯಾರ್ಕ್‌ನ ಸೆನೆಟರ್ ಜೇಕಬ್ ಜಾವಿಟ್ಸ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1974ರ ಸೆಪ್ಟೆಂಬರ್ 2ರಂದು ಸಹಿ ಹಾಕಿದರು. ಅವತ್ತು ಅಮೆರಿಕದಲ್ಲಿ ಕಾರ್ಮಿಕ ದಿನ. ಆ ಕಾನೂನಿನ ಮೇಲೆ ಒಂದು ತಪ್ಪು ತಿಳಿವಳಿಕೆ ಇದೆ. ನಿಜಕ್ಕೂ ಆ ಕಾನೂನು ಯಾವ ಕಂಪನಿಗೂ ಪಿಂಚಣಿ ಕೊಡು ಅಂತ ಹೇಳುವುದಿಲ್ಲ. ಕೊಡದೇ ಇದ್ದರೆ ಕೇಳುವವರಿಲ್ಲ. ಕೊಡ್ತೀನಿ ಅಂತ ಬಾಯಿ ಬಿಟ್ಟರೆ ಮಾತ್ರ ಹಿಡಿದುಕೊಳ್ಳುತ್ತದೆ. ದುಡ್ಡನ್ನು ಕಂಪನಿಯ ಖಾತೆಯಿಂದ ಹೊರಗೆ, ಟ್ರಸ್ಟಿನಲ್ಲಿ ಇಡಬೇಕು. ವರ್ಷ ವರ್ಷ ಇಷ್ಟು ತುಂಬಬೇಕು. ಇಷ್ಟು ವರ್ಷ ದುಡಿದ ಮೇಲೆ ಅದು ನೌಕರನದ್ದೇ, ಕೆಲಸದಿಂದ ತೆಗೆದರೂ ಕಿತ್ತುಕೊಳ್ಳುವ ಹಾಗಿಲ್ಲ. ಕಂಪನಿ ಮುಳುಗಿದರೆ ಪಿಬಿಜಿಸಿ ಅನ್ನುವ ಸರ್ಕಾರಿ ವಿಮಾ ಸಂಸ್ಥೆ ಒಂದು ಮಿತಿಯವರೆಗೆ ಪಿಂಚಣಿ ಕೊಡುತ್ತದೆ. ಇವೆಲ್ಲ ಮಾಡಲೇಬೇಕಾದ ಕೆಲಸಗಳು. ದಂಡ ಕಟ್ಟಿ ಪಾರಾಗುವ ದಾರಿ ಇಲ್ಲ.

ಎರಿಸಾದಲ್ಲಿ ಇನ್ನೊಂದು ಮಾತಿದೆ. ಯೋಜನೆ ಬರಹದಲ್ಲಿರಬೇಕು, ಅದನ್ನು ನಡೆಸುವವರು ಆ ಬರಹದ ಪ್ರಕಾರವೇ ನಡೆಯಬೇಕು. ಕೇಳಲು ಸಪ್ಪೆ. ಇದರ ಬಿಸಿ ಗೊತ್ತಾಗಬೇಕಾದರೆ ಡ್ಯೂಪಾಂಟ್ ಕಂಪನಿಯ ಒಬ್ಬ ನೌಕರನ ಪ್ರಕರಣ ನೋಡಬೇಕು. 1974ರಲ್ಲಿ ಆತ ಉಳಿತಾಯ ಖಾತೆಗೆ ಹೆಂಡತಿಯನ್ನು ನಾಮಿನಿ ಮಾಡಿ ಫಾರ್ಮಿಗೆ ಸಹಿ ಹಾಕಿದ. 1994ರಲ್ಲಿ ವಿಚ್ಛೇದನ ಆಯಿತು. ಗಂಡನ ನಿವೃತ್ತಿ ದುಡ್ಡಿನಲ್ಲಿ ತನಗೆ ಪಾಲು ಬೇಡ ಅಂತ ಹೆಂಡತಿ ಬಿಟ್ಟುಕೊಟ್ಟಿದ್ದು ಕೋರ್ಟಿನ ಆದೇಶದಲ್ಲೇ ಇತ್ತು. ಆತ ಆಮೇಲೆ ಪಿಂಚಣಿ ಯೋಜನೆಗೆ ಹೊಸ ಫಾರ್ಮ್ ಕೊಟ್ಟು ಮಗಳ ಹೆಸರು ಬರೆಸಿದ. ಉಳಿತಾಯ ಖಾತೆಯ ಫಾರ್ಮ್ ಮಾತ್ರ ಹಾಗೇ ಉಳಿಯಿತು. 2001ರಲ್ಲಿ ತೀರಿಕೊಂಡ. ಖಾತೆಯಲ್ಲಿ ಸುಮಾರು 4 ಲಕ್ಷ ಡಾಲರ್ ಇತ್ತು. ಕಂಪನಿ ಹಳೇ ಫಾರ್ಮ್ ತೆಗೆದು ನೋಡಿ ಮಾಜಿ ಹೆಂಡತಿಗೆ ಕೊಟ್ಟಿತು.

ಮಗಳ ಕಡೆಯವರು ಸುಪ್ರೀಂ ಕೋರ್ಟಿನ ತನಕ ಹೋದರು. 2009ರಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು: ಕಂಪನಿ ಮಾಡಿದ್ದು ಸರಿ. ಫಾರ್ಮಿನಲ್ಲಿ ಯಾರ ಹೆಸರಿದೆಯೋ ಅವರಿಗೇ ದುಡ್ಡು. ದುಡ್ಡು ಕೈಸೇರಿದ ಮೇಲೆ ಮಾಜಿ ಹೆಂಡತಿಯ ಮೇಲೆ ದಾವೆ ಹಾಕಬಹುದಾ ಅನ್ನುವುದನ್ನು ಮಾತ್ರ ಅವತ್ತು ತೀರ್ಮಾನಿಸದೆ ಬಿಟ್ಟರು.

ಈ ಪ್ರಕರಣ ಹೇಳಿದಾಗೆಲ್ಲ ಕೇಳಿದವರು ಅನ್ಯಾಯ ಅನ್ನುತ್ತಾರೆ. ಆ ಮಗಳಿಗೆ ಅನ್ಯಾಯವೇ. ಆದರೂ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಸಾವಿರಾರು ಖಾತೆ ನೋಡಿಕೊಳ್ಳುವ ಗುಮಾಸ್ತರು ಒಬ್ಬೊಬ್ಬರ ಮನೆ ಜಗಳದ ಕಾಗದವನ್ನೂ ತರಿಸಿ, ಓದಿ, ಯಾರಿಗೆ ಮನಸ್ಸಿತ್ತು ಅಂತ ಊಹಿಸಲು ಕೂತರೆ ಯಾರ ದುಡ್ಡೂ ಸಮಯಕ್ಕೆ ಸಿಗುವುದಿಲ್ಲ. ಆ ಖರ್ಚೂ ಕೊನೆಗೆ ಎಲ್ಲರ ಖಾತೆಯಿಂದಲೇ ಹೋಗುತ್ತದೆ. ನನ್ನ ತಕರಾರು ತೀರ್ಪಿನ ಮೇಲಲ್ಲ. ವಿಚ್ಛೇದನ ಆದಾಗ ಹೊಸ ಫಾರ್ಮ್ ತುಂಬಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ ಅನ್ನುವುದರ ಮೇಲೆ.

ಕಾನೂನು ಹಾಗೆ ನಿಂತು ಫಾರ್ಮ್ ತುಂಬಿಸಿದ ಬೇರೊಂದು ಜಾಗವಿದೆ. 1984ಕ್ಕೆ ಮುಂಚೆ ಗಂಡ ನಿವೃತ್ತನಾಗುವಾಗ ಎರಡು ಆಯ್ಕೆ ಇರುತ್ತಿತ್ತು. ತಾನಿರುವ ತನಕ ಮಾತ್ರ ಪಿಂಚಣಿ, ತಿಂಗಳಿಗೆ ಜಾಸ್ತಿ. ಇಲ್ಲವೇ ತನ್ನ ನಂತರ ಹೆಂಡತಿಗೂ ಒಂದು ಪಾಲು, ತಿಂಗಳಿಗೆ ಕಡಿಮೆ. ಎಷ್ಟೋ ಗಂಡಂದಿರು ಮೊದಲನೆಯದಕ್ಕೆ ಟಿಕ್ ಹಾಕಿ ಬಂದು ಮನೆಯಲ್ಲಿ ಹೇಳುತ್ತಲೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ, ಪಿಂಚಣಿ ನಿಂತಾಗಲೇ ಹೆಂಡತಿಗೆ ವಿಷಯ ಗೊತ್ತಾಗುತ್ತಿತ್ತು. ಆ ವರ್ಷದ ತಿದ್ದುಪಡಿ ಒಂದೇ ಒಂದು ಸಹಿ ಸೇರಿಸಿತು. ಹೆಂಡತಿಯ ಪಾಲು ಬಿಡಬೇಕಾದರೆ ಹೆಂಡತಿಯೇ ಬರೆದು ಒಪ್ಪಬೇಕು. ಅದೂ ನೋಟರಿಯ ಎದುರು, ಇಲ್ಲವೇ ಯೋಜನೆಯ ಪ್ರತಿನಿಧಿಯ ಎದುರು.

ಆ ಫಾರ್ಮಿನ ಕೊನೇ ಪುಟ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಂದು ಗೆರೆ, ಒಂದು ಮೊಹರಿನ ಜಾಗ. ಆದರೆ ಆ ಗೆರೆ ತುಂಬಬೇಕಾದರೆ ಗಂಡ ಹೆಂಡತಿ ಕೂತು ಮಾತಾಡಲೇಬೇಕು. 'ಇದಕ್ಕೆ ನಾನ್ಯಾಕೆ ಸಹಿ ಹಾಕಬೇಕು?' ಅಂತ ಆಕೆ ಒಂದು ಸಲ ಕೇಳಿದರೆ ಕಾನೂನಿನ ಕೆಲಸ ಮುಗಿಯಿತು. 2020ರಲ್ಲಿ ಕೊರೊನಾ ಬಂದು ನೋಟರಿಯ ಎದುರು ಕೂರುವುದೇ ಕಷ್ಟವಾದಾಗ ತೆರಿಗೆ ಇಲಾಖೆ ವಿಡಿಯೋದಲ್ಲಿ ಮಾಡಲು ತಾತ್ಕಾಲಿಕ ಅನುಮತಿ ಕೊಟ್ಟಿತೇ ಹೊರತು, ಸಾಕ್ಷಿ ಬೇಡ ಅನ್ನಲಿಲ್ಲ. ಇದರಲ್ಲೂ ಒಂದು ತೂತಿದೆ. ಈಗ ಪಿಂಚಣಿಗಿಂತ 401(ಕೆ) ಅನ್ನುವ, ನೌಕರರು ಸಂಬಳದಿಂದ ತುಂಬುವ ನಿವೃತ್ತಿ ಉಳಿತಾಯ ಖಾತೆಗಳೇ ಜಾಸ್ತಿ. ಅದರಲ್ಲಿ ಖಾತೆದಾರ ಸತ್ತರೆ ದುಡ್ಡು ಹೆಂಡತಿಗೆ ಹೋಗುತ್ತದೆ, ಬೇರೆಯವರ ಹೆಸರು ಬರೆಯಲು ಆಕೆಯ ಸಹಿ ಬೇಕು. ಆದರೆ ಬದುಕಿರುವಾಗಲೇ ಪೂರ್ತಿ ತೆಗೆದುಕೊಂಡು ಹೋದರೆ ಬಹಳಷ್ಟು ಯೋಜನೆಗಳಲ್ಲಿ ಆಕೆಯನ್ನು ಕೇಳುವುದೇ ಇಲ್ಲ. ಈ ತೂತು ಮುಚ್ಚಬೇಕು ಅಂತ ನನಗಂತೂ ಅನಿಸುತ್ತದೆ.

ಬರಹವೇ ದೊಡ್ಡದು ಅಂದರೆ ಬರೆಯುವವರ ಕೈ ನಡುಗಬೇಕು, ಅಲ್ವಾ? ನಡುಗುತ್ತದೆ. ಬೆಲ್ ಅಟ್ಲಾಂಟಿಕ್ ಅನ್ನುವ ಟೆಲಿಫೋನ್ ಕಂಪನಿ 1996ರಲ್ಲಿ ಹಳೇ ಪಿಂಚಣಿಯನ್ನು ಹೊಸ ಲೆಕ್ಕಕ್ಕೆ ಬದಲಾಯಿಸಿತು. ಹಳೇ ನೌಕರರ ಮೊತ್ತವನ್ನು ಒಂದು ಅಂಕಿಯಿಂದ ಗುಣಿಸಬೇಕಿತ್ತು. ಕರಡು ತಿದ್ದುವಾಗ ಆ ಗುಣಾಕಾರದ ಮಾತು ಎರಡು ಕಡೆ ಉಳಿದುಬಿಟ್ಟಿತು. ಬರೆದಿದ್ದನ್ನು ಬರೆದ ಹಾಗೇ ಓದಿದರೆ ಎರಡು ಸಲ ಗುಣಿಸಬೇಕು. ಯಾರೂ ಹಾಗೆ ಗುಣಿಸಿರಲಿಲ್ಲ, ನೌಕರರಿಗೆ ಕೊಟ್ಟ ವಿವರಣೆಯಲ್ಲೂ ಒಂದೇ ಸಲ ಅಂತಿತ್ತು. ಆದರೆ ಒಬ್ಬ ಮಾಜಿ ನೌಕರಳು ಮೂಲ ದಾಖಲೆ ಓದಿ ದಾವೆ ಹಾಕಿದಳು. ಅಷ್ಟರಲ್ಲಿ ಕಂಪನಿ ವೆರೈಜನ್ ಆಗಿತ್ತು. ಆ ಒಂದು ಪುನರಾವರ್ತನೆಯ ಬೆಲೆ 167 ಕೋಟಿ ಡಾಲರಿನ ತನಕ ಹೋಗಬಹುದಿತ್ತು. ಕೊನೆಗೆ 2010ರಲ್ಲಿ ಶಿಕಾಗೋದ ಮೇಲ್ಮನವಿ ಕೋರ್ಟು ಇದು ಕೈತಪ್ಪು, ತಿದ್ದಿ ಓದಬಹುದು ಅಂದಿತು. ನಮ್ಮ ಕಚೇರಿಯಂಥ ಕಡೆ ಎಲ್ಲ ಈ ತೀರ್ಪು ಓದಿದವರು ನಿಟ್ಟುಸಿರು ಬಿಟ್ಟಿರಬೇಕು. ಒಂದು ವಾಕ್ಯ ಎತ್ತಿ ಬೇರೆ ಕಡೆ ಇಟ್ಟ ಮೇಲೆ ಹಳೇ ಜಾಗಕ್ಕೆ ವಾಪಸ್ ಹೋಗಿ ನೋಡುವುದು ನಮ್ಮಲ್ಲಿ ಪೂಜೆಯಷ್ಟೇ ನಿಷ್ಠೆಯ ಕೆಲಸ.

ಈಗ ಮೇಲಿನ ಮಹಡಿಗೆ ಹೋಗೋಣ.

ಅಲ್ಲಿ ಎಲ್ಲ ಉಲ್ಟಾ. ಗೋದಾಮಿನವರ ದುಡ್ಡು ಟ್ರಸ್ಟಿನಲ್ಲಿ ಭದ್ರವಾಗಿರಬೇಕು ಅನ್ನುವ ಅದೇ ಕಾನೂನು, ದೊಡ್ಡ ಸಂಬಳದ ಕೆಲವೇ ಅಧಿಕಾರಿಗಳಿಗೆ ಮಾಡಿದ ಯೋಜನೆಯಲ್ಲಿ ಭದ್ರತೆ ಬೇಕಿಲ್ಲ ಅನ್ನುತ್ತದೆ. ಬೇಕಿಲ್ಲ ಮಾತ್ರವಲ್ಲ, ತೆರಿಗೆ ಮುಂದೂಡಬೇಕಾದರೆ ಭದ್ರತೆ ಇರಲೇಬಾರದು. ಬೋನಸ್ಸಿನ ಒಂದು ಪಾಲನ್ನು ಕಂಪನಿಯಲ್ಲೇ ಬಿಟ್ಟು ನಿವೃತ್ತಿಯ ಮೇಲೆ ತೆಗೆದುಕೊಳ್ಳುತ್ತೇನೆ ಅನ್ನುವ ಅಧಿಕಾರಿ, ಕಂಪನಿ ದಿವಾಳಿಯಾದರೆ ಉಳಿದ ಸಾಲ ಕೊಟ್ಟವರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಅಡವು ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ. ದುಡ್ಡನ್ನು 'ರಬ್ಬೈ ಟ್ರಸ್ಟ್' ಅನ್ನುವುದರಲ್ಲಿ ಇಡುವ ಪದ್ಧತಿ ಇದೆ. 1980ರ ಹೊತ್ತಿಗೆ ಒಬ್ಬ ಯಹೂದಿ ಧರ್ಮಗುರುವಿಗಾಗಿ ಮಾಡಿದ ಏರ್ಪಾಡಿಗೆ ತೆರಿಗೆ ಇಲಾಖೆ ಒಪ್ಪಿಗೆ ಕೊಟ್ಟಿತು, ಅದರಿಂದ ಈ ಹೆಸರು. ಕಂಪನಿ ಮನಸ್ಸು ಬದಲಾಯಿಸಿದರೆ ಅದು ಕಾಪಾಡುತ್ತದೆ. ಕಂಪನಿ ಮುಳುಗಿದರೆ ಕಾಪಾಡುವುದಿಲ್ಲ.

ಸಿದ್ಧಾಂತಕ್ಕೆ ಚೆನ್ನಾಗಿದೆ. ಮುಳುಗುವ ಹಡಗಿನಲ್ಲಿ ನಾಯಕನ ದುಡ್ಡೂ ಇದ್ದರೆ ನಾಯಕ ಹುಷಾರಾಗಿರುತ್ತಾನೆ. ಎನ್‌ರಾನ್ ಅನ್ನುವ ಇಂಧನ ಕಂಪನಿಯಲ್ಲಿ ಏನಾಯಿತು ನೋಡಿ. 2001ರ ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಕೆಲವು ಅಧಿಕಾರಿಗಳು ತಾವು ಬಿಟ್ಟಿದ್ದ ಕೋಟಿಗಟ್ಟಲೆ ಡಾಲರನ್ನು ಅವಧಿಗೆ ಮುಂಚೆಯೇ ತೆಗೆದುಕೊಂಡು ಹೋಗಿದ್ದರು. ಕೆಳಗಿನವರ 401(ಕೆ) ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎನ್‌ರಾನ್ ಷೇರಿನಲ್ಲೇ ಇತ್ತು. ಷೇರು ಬೀಳುತ್ತಿದ್ದ ದಿನಗಳಲ್ಲೇ ಖಾತೆ ನೋಡಿಕೊಳ್ಳುವ ಸಂಸ್ಥೆ ಬದಲಾಗುತ್ತಿದ್ದರಿಂದ ಕೆಲವು ದಿನ ಮಾರಲೂ ಆಗಲಿಲ್ಲ.

ಅದಕ್ಕೆ ಉತ್ತರವಾಗಿ 2004ರ ಅಕ್ಟೋಬರ್‌ನಲ್ಲಿ ತೆರಿಗೆ ಕಾನೂನಿಗೆ 409ಎ ಸೇರಿತು. ಮುಂದೂಡಿದ ದುಡ್ಡನ್ನು ಯಾವಾಗ ಕೊಡುವುದು ಅಂತ ಮೊದಲೇ ಗೊತ್ತು ಮಾಡಬೇಕು, ಆಮೇಲೆ ಹಿಂದೆ ಮುಂದೆ ಎಳೆಯುವ ಹಾಗಿಲ್ಲ. ತಪ್ಪಿದರೆ ಮಾಮೂಲಿ ತೆರಿಗೆಯ ಮೇಲೆ ಇನ್ನೂ 20 ಶೇಕಡ, ಜೊತೆಗೆ ಬಡ್ಡಿ. ಇದನ್ನು ಕಟ್ಟಬೇಕಾದವರು ನೌಕರರು, ಕಾಗದ ಬರೆದ ಕಂಪನಿಯಲ್ಲ. ಅಲ್ಲಿ ನನಗೆ ಮೊದಲಿನಿಂದಲೂ ಕಸಿವಿಸಿ. ಎನ್‌ರಾನ್ ದೊಡ್ಡವರಿಗೆ ಅಂತ ಹೆಣೆದ ಬಲೆಯಲ್ಲಿ ದಿನನಿತ್ಯ ಸಿಕ್ಕಿಬೀಳುವವರು ಮಧ್ಯಮ ದರ್ಜೆಯ ಮ್ಯಾನೇಜರುಗಳು. ಕಾಗದ ಬರೆಸುವುದು ಕಂಪನಿ, ದಂಡ ಇವರಿಗೆ.

ಅದರ ಸೂಕ್ಷ್ಮ ಎಷ್ಟು ಅಂತ ಒಂದು ಉದಾಹರಣೆ ಹೇಳುತ್ತೇನೆ. ಕೆಲಸದಿಂದ ತೆಗೆದಾಗ ಕೊಡುವ ಪರಿಹಾರಕ್ಕೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಮುಂದೆ ಕಂಪನಿ ಮೇಲೆ ದಾವೆ ಹಾಕುವುದಿಲ್ಲ ಅಂತ 60 ದಿನದೊಳಗೆ ಬರೆದುಕೊಡಿ, ಕೊಟ್ಟ ಕೂಡಲೇ ದುಡ್ಡು. ಇದರಲ್ಲಿ ಏನು ತಪ್ಪು ಅನ್ನಿಸುತ್ತದೆ. ಈಗ ಒಬ್ಬ ನೌಕರನನ್ನು ನವೆಂಬರ್ 20ಕ್ಕೆ ತೆಗೆದರು ಅಂದುಕೊಳ್ಳಿ. 60 ದಿನ ಜನವರಿಗೆ ದಾಟುತ್ತದೆ. ಡಿಸೆಂಬರ್‌ನಲ್ಲಿ ಸಹಿ ಹಾಕಿದರೆ ಈ ವರ್ಷದ ಆದಾಯ, ಜನವರಿಯಲ್ಲಿ ಹಾಕಿದರೆ ಮುಂದಿನ ವರ್ಷದ್ದು. ಅಂದರೆ ತೆರಿಗೆ ವರ್ಷವನ್ನು ಆರಿಸಿಕೊಳ್ಳುವ ಅವಕಾಶ ನೌಕರನ ಪೆನ್ನಿನಲ್ಲಿದೆ. 409ಎಗೆ ಒಳಪಟ್ಟ ದುಡ್ಡಾದರೆ ಅದು ತಪ್ಪು. ಅದಕ್ಕೆ ನಾವು ಒಂದು ಸಾಲು ಸೇರಿಸುತ್ತೇವೆ: ಅವಧಿ ಎರಡು ವರ್ಷಕ್ಕೆ ಚಾಚಿದರೆ ಎರಡನೇ ವರ್ಷದಲ್ಲೇ ಪಾವತಿ. ಆ ಸಾಲು ಇದೆಯೋ ಇಲ್ಲವೋ ಅಂತ ನೋಡುವುದೇ ಎಷ್ಟೋ ದಿನ ನನ್ನ ಕೆಲಸ. ಪುಣ್ಯದ ಕೆಲಸ ಅಂತ ನಾನೇನೂ ಹೇಳುವುದಿಲ್ಲ.

ಬೆಲೆ ಕಟ್ಟುವ ಕಾನೂನು ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ತೆರಿಗೆ ಕಾನೂನಿನ ಇನ್ನೊಂದು ಕಲಮು, 280ಜಿ. 1980ರ ದಶಕದ ಮೊದಲಲ್ಲಿ ಕಂಪನಿಗಳನ್ನು ಕಬಳಿಸುವ ಜ್ವರ. ಕಂಪನಿ ಕೈ ಬದಲಾದಾಗ ಸಿಇಒಗಳು ದೊಡ್ಡ ಗಂಟು ಕಟ್ಟಿಕೊಂಡು ಇಳಿಯುತ್ತಿದ್ದರು. ಜನ ಸಿಟ್ಟಾದರು. 1984ರಲ್ಲಿ ಕಾಂಗ್ರೆಸ್ ಒಂದು ಗೆರೆ ಎಳೆಯಿತು. ಹಿಂದಿನ ಐದು ವರ್ಷದ ಸರಾಸರಿ ಗಳಿಕೆ ತೆಗೆಯಿರಿ. ಕಂಪನಿ ಕೈ ಬದಲಾದಾಗ ಕೊಟ್ಟಿದ್ದು ಅದರ ಮೂರು ಪಟ್ಟು ಮುಟ್ಟಿದರೆ ದಂಡ: ಅಧಿಕಾರಿಗೆ 20 ಶೇಕಡ ಹೆಚ್ಚುವರಿ ತೆರಿಗೆ, ಕಂಪನಿಗೆ ಆ ಖರ್ಚಿನ ತೆರಿಗೆ ಕಡಿತ ಇಲ್ಲ, ಅಂದರೆ ತೆರಿಗೆ ಲೆಕ್ಕದಲ್ಲಿ ಅದನ್ನು ಆದಾಯದಿಂದ ಕಳೆಯುವ ಹಾಗಿಲ್ಲ.

ಲೆಕ್ಕ ನೋಡಿ. ಸರಾಸರಿ 10 ಲಕ್ಷ ಡಾಲರ್ ಅಂದುಕೊಳ್ಳಿ. ಕೊಟ್ಟಿದ್ದು 30 ಲಕ್ಷಕ್ಕೆ ಒಂದು ಡಾಲರ್ ಕಡಿಮೆ ಇದ್ದರೆ ದಂಡ ಸೊನ್ನೆ. ಸರಿಯಾಗಿ 30 ಲಕ್ಷ ಆಯಿತೋ, ದಂಡ ಆ ಒಂದು ಡಾಲರಿನ ಮೇಲಲ್ಲ. ಒಂದು ಪಟ್ಟು ಮೀರಿದ ಪೂರ್ತಿ 20 ಲಕ್ಷದ ಮೇಲೆ. ಅಂದರೆ 4 ಲಕ್ಷ ಡಾಲರ್. ಒಂದು ಡಾಲರಿಗೆ!

ಆಮೇಲೆ ಏನಾಯಿತು ಅಂತ ಊಹಿಸಬಹುದು. ಅದುವರೆಗೆ ಇಂಥ ಒಪ್ಪಂದವೇ ಇಲ್ಲದ ಕಂಪನಿಗಳೂ 'ಮೂರು ಪಟ್ಟಿನ ಒಳಗೆ ಇದ್ದರೆ ಸರ್ಕಾರವೇ ಒಪ್ಪಿದ ಹಾಗೆ' ಅಂತ ತೆಗೆದುಕೊಂಡವು. 2.99 ಪಟ್ಟು ಅನ್ನುವುದು ಒಪ್ಪಂದಗಳಲ್ಲಿ ಮಾಮೂಲಿ ಅಂಕಿ ಆಯಿತು. ಅದನ್ನೂ ಮೀರಿದವರಿಗೆ ಕಂಪನಿಯೇ ದಂಡ ತುಂಬಿಕೊಡುವ ಪದ್ಧತಿ ಬಂತು. ತುಂಬಿಕೊಟ್ಟ ದುಡ್ಡಿಗೂ ತೆರಿಗೆ, ಅದಕ್ಕೂ ದಂಡ, ಅದನ್ನೂ ತುಂಬಬೇಕು. ಹೀಗೆ ಒಂದು ಡಾಲರ್ ದಂಡ ತುಂಬಲು ಕಂಪನಿ ಎರಡು ಡಾಲರಿಗಿಂತ ಜಾಸ್ತಿ ಸುರಿಯಬೇಕು. 2010ರ ಡಾಡ್-ಫ್ರ್ಯಾಂಕ್ ಕಾನೂನು ಬಂದು ಷೇರುದಾರರು ಅಧಿಕಾರಿಗಳ ಸಂಬಳದ ಮೇಲೆ ಮತ ಹಾಕಲು ಶುರು ಮಾಡಿದ ಮೇಲೆ ಈ ಚಾಳಿ ತುಂಬ ಕಡಿಮೆಯಾಗಿದೆ. ಮತ ಕಡ್ಡಾಯ, ಆದರೆ ಅದರ ಫಲಿತಾಂಶಕ್ಕೆ ಕಂಪನಿ ಬದ್ಧ ಅಲ್ಲ. ಆದರೂ ಮರ್ಯಾದೆಗೆ ಅಂಜಿದರು.

1993ರಲ್ಲಿ ದೊಡ್ಡ ಅಧಿಕಾರಿಗಳ ಸಂಬಳಕ್ಕೆ ಬಂದ 10 ಲಕ್ಷ ಡಾಲರಿನ ಮಿತಿಯದ್ದೂ ಇದೇ ಪಾಡು. ಅದಕ್ಕಿಂತ ಜಾಸ್ತಿ ಕೊಟ್ಟರೆ ಕಂಪನಿಗೆ ತೆರಿಗೆ ಕಡಿತ ಇಲ್ಲ, ಸಾಧನೆಗೆ ತಕ್ಕಂತೆ ಕೊಟ್ಟಿದ್ದಾದರೆ ಪರವಾಗಿಲ್ಲ ಅಂದರು. ಸಂಬಳ 10 ಲಕ್ಷದ ಹತ್ತಿರ ಬಂದು ನಿಂತಿತು, ಸ್ಟಾಕ್ ಆಪ್ಷನ್, ಅಂದರೆ ಕಂಪನಿಯ ಷೇರನ್ನು ಮುಂದೆ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಆಕಾಶಕ್ಕೇರಿತು. 2017ರಲ್ಲಿ ಆ ವಿನಾಯಿತಿ ತೆಗೆದುಹಾಕಿದರು.

ತೆರಿಗೆ ಬಿಟ್ಟು ಬರೀ ಶಬ್ದಗಳ ಮೇಲೆ ನಿಂತ ದುಡ್ಡೂ ಇದೆ. ಡಿಸ್ನಿ 1995ರಲ್ಲಿ ಮೈಕಲ್ ಓವಿಟ್ಜ್ ಅವರನ್ನು ಅಧ್ಯಕ್ಷರನ್ನಾಗಿ ತಂದಿತು. ಹೊಂದಿಕೆ ಆಗಲಿಲ್ಲ. ಹದಿನಾಲ್ಕು ತಿಂಗಳಿಗೆ ಕಳಿಸಿದರು. ಕಳಿಸುವಾಗ ಅವರ ಕೈಗೆ ಬಿದ್ದಿದ್ದು ಸುಮಾರು 13 ಕೋಟಿ ಡಾಲರ್ ಮೌಲ್ಯದ ಪ್ಯಾಕೇಜು. ಭಾರೀ ಬೇಜವಾಬ್ದಾರಿ ಅಥವಾ ದುರ್ನಡತೆ ಇದ್ದರೆ ಮಾತ್ರ ಕೊಡದೆ ಕಳಿಸಬಹುದು ಅಂತ ಒಪ್ಪಂದದಲ್ಲಿತ್ತು. ಕೆಲಸ ಸರಿಹೋಗಲಿಲ್ಲ ಅನ್ನುವುದು ಅದರೊಳಗೆ ಬರುವುದಿಲ್ಲ. ಷೇರುದಾರರು ದಾವೆ ಹಾಕಿದರು, 2006ರಲ್ಲಿ ಡೆಲವೇರ್ ಸುಪ್ರೀಂ ಕೋರ್ಟಿನಲ್ಲಿ ಸೋತರು. ನಿರ್ದೇಶಕರು ನಡೆದುಕೊಂಡ ರೀತಿ ಮಾದರಿಯಾಗೇನೂ ಇರಲಿಲ್ಲ, ಆದರೆ ಕಾನೂನು ಮುರಿಯುವಷ್ಟೂ ಕೆಟ್ಟಿರಲಿಲ್ಲ ಅನ್ನುವುದು ತೀರ್ಪಿನ ಸಾರ. ಕೆಲಸಕ್ಕೆ ಸೇರುವ ದಿನ ಎಲ್ಲರ ಮುಖದಲ್ಲೂ ನಗು ಇರುತ್ತದೆ. 'ಯಾವ ಕಾರಣಕ್ಕೆ ತೆಗೆದರೆ ಕೊಡಬೇಕಿಲ್ಲ' ಅನ್ನುವ ಎರಡು ಸಾಲಿನ ಮೇಲೆ ಜಗಳ ಆಡಲು ಅವತ್ತು ಯಾರಿಗೂ ಮನಸ್ಸಿರುವುದಿಲ್ಲ. ಅಧಿಕಾರಿಯ ವಕೀಲರಿಗೆ ಮಾತ್ರ ಇರುತ್ತದೆ.

ಇತ್ತೀಚೆಗೆ ಬಂದಿದ್ದರಲ್ಲಿ ನನಗೆ ಇಷ್ಟವಾದದ್ದು ಒಂದೇ, ಕೊಟ್ಟ ಬೋನಸ್ ವಾಪಸ್ ಪಡೆಯುವ ನಿಯಮ. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ 2022ರ ಅಕ್ಟೋಬರ್‌ನಲ್ಲಿ ಅದನ್ನು ಹೊರಡಿಸಿತು. ದೊಡ್ಡ ಷೇರುಪೇಟೆಗಳಲ್ಲಿರುವ ಕಂಪನಿಗಳು 2023ರ ಡಿಸೆಂಬರ್ 1ರೊಳಗೆ ಅದಕ್ಕೆ ತಕ್ಕ ನೀತಿ ಮಾಡಿಕೊಳ್ಳಬೇಕಿತ್ತು. ಲೆಕ್ಕಪತ್ರ ತಪ್ಪಾಗಿತ್ತು ಅಂತ ತಿದ್ದಿದರೆ, ಹಿಂದಿನ ಮೂರು ವರ್ಷದಲ್ಲಿ ಆ ತಪ್ಪು ಲೆಕ್ಕದ ಮೇಲೆ ಜಾಸ್ತಿ ಪಡೆದ ಬೋನಸ್ಸನ್ನು ಮೇಲಿನ ಅಧಿಕಾರಿಗಳು ವಾಪಸ್ ಕೊಡಬೇಕು. ತಪ್ಪು ಅವರದಾ ಅಂತ ಕೇಳುವುದಿಲ್ಲ. ಕಟ್ಟಿದ ತೆರಿಗೆ ಕಳೆಯದೆ ಪೂರ್ತಿ ಕೊಡಬೇಕು. ಕಂಪನಿ ಅದನ್ನು ಹಿಂಬಾಗಿಲಿಂದ ತುಂಬಿಕೊಡುವ ಹಾಗಿಲ್ಲ, ಅದಕ್ಕಾಗಿ ಅಧಿಕಾರಿ ವಿಮೆ ಮಾಡಿಸಿದರೆ ಕಂತು ಕಟ್ಟುವ ಹಾಗೂ ಇಲ್ಲ. ದಂಡ ತುಂಬಿಕೊಡುವ ಆಟವನ್ನು ಯಾರೋ ಹತ್ತಿರದಿಂದ ನೋಡಿಯೇ ಇದನ್ನು ಬರೆದಿದ್ದಾರೆ.

ಇದಕ್ಕೂ ಒಂದು ಅಂಚಿದೆ. ಲಾಭ, ಆದಾಯ, ಷೇರಿನ ಬೆಲೆ ಇಂಥ ಅಳತೆಯ ಮೇಲೆ ಕೊಟ್ಟಿದ್ದು ಮಾತ್ರ ಈ ನಿಯಮದೊಳಗೆ ಬರುತ್ತದೆ. ಸುಮ್ನೆ ಮೂರು ವರ್ಷ ಕೆಲಸದಲ್ಲಿ ಇದ್ದರೆ ಕೈಸೇರುವ ಷೇರು ಬರುವುದಿಲ್ಲ. ಈಗ ಯಾವ ಸಿಇಒ ಒಪ್ಪಂದದ ಕರಡು ಬಂದರೂ ನಾನು ಮೊದಲು ಹುಡುಕುವುದು ಆ ಷೇರಿನ ಪಾಲು ಎಷ್ಟು, ಹೋದ ಸಲಕ್ಕಿಂತ ಏರಿದೆಯಾ ಅಂತ.